ಸ್ಕೌಟ್ ಪ್ರಾವೀಣ್ಯ ಬ್ಯಾಡ್ಜ್ ಗಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪರೀಕ್ಷಾ ಶಿಬಿರಕ್ಕೆ ಹತ್ತು ದಿನ ಇದೆ ಅನ್ನುವಾಗ ಗಂಟುಗಳ ಹೆಸರನ್ನು ಬಾಯಿಪಾಠ ಮಾಡುವ ಮಕ್ಕಳು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ. ಕ್ಲೋವ್ ಹಿಚ್ ಎಲ್ಲಿ ಬಳಕೆಯಾಗುತ್ತದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಹಗ್ಗ ಕೈಗೆ ಕೊಟ್ಟು ಕಂಬ ತೋರಿಸಿದರೆ ಮಾತ್ರ ನಿಂತುಬಿಡುತ್ತಾರೆ. ಪ್ರಾವೀಣ್ಯ ಬ್ಯಾಡ್ಜ್ ಅಂದರೆ ಶಾಲೆಯ ಇನ್ನೊಂದು ಕಿರುಪರೀಕ್ಷೆ ಎಂದುಕೊಂಡಿದ್ದೇ ಇದಕ್ಕೆ ಕಾರಣ. ಇಲ್ಲಿ ಪರೀಕ್ಷೆ ಕೈಗೆ. ಕೈ ಪಳಗಲು ವಾರಗಳು ಬೇಕು, ರಾತ್ರೋರಾತ್ರಿ ಆಗುವುದಿಲ್ಲ. ಈ ಬರಹ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿರುವ ಹತ್ತರಿಂದ ಹದಿನೇಳು ವರ್ಷದ ಮಕ್ಕಳಿಗೆ, ಅವರ ಸ್ಕೌಟ್ ಮಾಸ್ಟರ್ ಮತ್ತು ಗೈಡ್ ಕ್ಯಾಪ್ಟನ್‌ಗಳಿಗೆ, ಮನೆಯಲ್ಲಿ ಜೊತೆ ನಿಲ್ಲುವ ಅಪ್ಪ ಅಮ್ಮಂದಿರಿಗೆ.

ಏಣಿಯಲ್ಲಿ ಬ್ಯಾಡ್ಜ್ ಎಲ್ಲಿ ಬರುತ್ತದೆ

ದಳಕ್ಕೆ ಸೇರಿದ ಮಗುವಿಗೆ ಮೊದಲು ಪ್ರವೇಶ, ಆಮೇಲೆ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದರ ಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ ಪುರಸ್ಕಾರ. ದ್ವಿತೀಯ ಸೋಪಾನದಿಂದ ಮುಂದಕ್ಕೆ ಪ್ರತಿ ಮೆಟ್ಟಿಲಿಗೂ ಪಟ್ಟಿಯಲ್ಲಿರುವ ಕೆಲವು ಪ್ರಾವೀಣ್ಯ ಬ್ಯಾಡ್ಜ್‌ಗಳನ್ನು ಗಳಿಸಿರಬೇಕು. ಕುಕ್, ಗಾರ್ಡನರ್, ಹ್ಯಾಂಡಿಮ್ಯಾನ್, ಲಾಂಡರರ್, ಸೈಕ್ಲಿಸ್ಟ್, ಪಾತ್‌ಫೈಂಡರ್, ನ್ಯಾಚುರಲಿಸ್ಟ್, ಕಮ್ಯುನಿಟಿ ವರ್ಕರ್, ಪಯೋನಿಯರ್, ಆಂಬುಲೆನ್ಸ್ ಮ್ಯಾನ್ ಇವೆಲ್ಲ ಅಂಥವು. ಯಾವ ಸೋಪಾನಕ್ಕೆ ಯಾವ ಗುಂಪಿನಿಂದ ಎಷ್ಟು ಎಂಬುದು ಎಪಿಆರ್‌ಒ ಎಂದು ಎಲ್ಲರೂ ಕರೆಯುವ ನಿಯಮಪುಸ್ತಕದಲ್ಲಿದೆ. ಸ್ಕೌಟ್ ವಿಭಾಗಕ್ಕೆ ಒಂದು, ಗೈಡ್ ವಿಭಾಗಕ್ಕೆ ಇನ್ನೊಂದು. ಪುಸ್ತಕ ಪರಿಷ್ಕರಣೆಯಾಗುತ್ತಾ ಇರುತ್ತದೆ. ಅಣ್ಣನ ಹಳೇ ನೋಟ್ಸ್ ನೋಡಿ ತಯಾರಾದರೆ ಬೇರೆ ಬ್ಯಾಡ್ಜಿಗೆ ತಯಾರಾದ ಹಾಗೆಯೇ. ಆದ್ದರಿಂದ ಚಾಲ್ತಿಯಲ್ಲಿರುವ ಆವೃತ್ತಿಯ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಲಾಗ್ ಬುಕ್ಕಿನ ಮೊದಲ ಹಾಳೆಗೆ ಅಂಟಿಸಿಕೊಳ್ಳಿ.

ತಿಂಗಳುಗಳ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಪ್ರವೇಶಕ್ಕೆ ಕನಿಷ್ಠ 3 ತಿಂಗಳು, ಪ್ರಥಮಕ್ಕೆ 6, ದ್ವಿತೀಯಕ್ಕೆ 9, ತೃತೀಯಕ್ಕೆ 9, ಒಟ್ಟು 27 ತಿಂಗಳು. ಆರನೇ ತರಗತಿಯ ಜೂನ್‌ನಲ್ಲಿ ಸೇರಿದ ಹುಡುಗ ಒಂದು ದಿನವೂ ಪೋಲು ಮಾಡದಿದ್ದರೆ ಎಂಟನೇ ತರಗತಿಯ ಸೆಪ್ಟೆಂಬರ್ ಹೊತ್ತಿಗೆ ತೃತೀಯ ಸೋಪಾನ ಮುಗಿಸುತ್ತಾನೆ. ಅಲ್ಲಿಂದ ರಾಜ್ಯ ಪುರಸ್ಕಾರದ ತಯಾರಿಗೆ ಒಂಬತ್ತನೇ ತರಗತಿ ಪೂರ್ತಿ ಸಿಗುತ್ತದೆ, ಎಸ್ಸೆಸ್ಸೆಲ್ಸಿಗೆ ಅಡ್ಡ ಬರುವುದಿಲ್ಲ. ಎಂಟನೇ ತರಗತಿಯಲ್ಲಿ ಸೇರಿದವರಿಗೆ ಈ ಲೆಕ್ಕ ಇಕ್ಕಟ್ಟು. ಅವರು ಒಂದು ಸೋಪಾನದ ಅವಧಿಯೊಳಗೇ ಅದರ ಬ್ಯಾಡ್ಜನ್ನೂ ಮುಗಿಸಿಕೊಳ್ಳಬೇಕು, ‘ಆಮೇಲೆ ನೋಡೋಣ’ ಎಂದಿಟ್ಟರೆ ಏಣಿ ಅಲ್ಲೇ ನಿಲ್ಲುತ್ತದೆ.

ಯಾವುದನ್ನು ಆರಿಸಬೇಕು

‘ಯಾವುದು ಸುಲಭ ಸರ್?’ ಎಂಬುದೇ ಮೊದಲ ಪ್ರಶ್ನೆ. ಉತ್ತರ ಮಗುವಿನ ಮನೆಯಲ್ಲಿದೆ. ಹಿತ್ತಲಿದ್ದವರಿಗೆ ಗಾರ್ಡನರ್ ಸುಲಭ, ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕುಂಡ ಇಡಲೂ ಜಾಗವಿಲ್ಲದವರಿಗೆ ಅದೇ ಕಷ್ಟ. ದಿನಾ ಸೈಕಲ್ಲಿನಲ್ಲಿ ಶಾಲೆಗೆ ಹೋಗುವವರು ಸೈಕ್ಲಿಸ್ಟ್ ಬ್ಯಾಡ್ಜಿನ ಅರ್ಧ ದಾರಿಯಲ್ಲಿ ಈಗಾಗಲೇ ಇದ್ದಾರೆ. ಮನೆಯಲ್ಲಿ ಹಸು, ನಾಯಿ ಇದ್ದರೆ ಫ್ರೆಂಡ್ ಟು ಅನಿಮಲ್ಸ್ ನೋಡಿ. ಅಭ್ಯಾಸಕ್ಕೆ ಬೇಕಾದ ವಸ್ತು ದಿನವೂ ಕೈಗೆ ಸಿಗುವಂಥ ಬ್ಯಾಡ್ಜ್ ಆರಿಸಿ, ಅಷ್ಟೇ.

ಇನ್ನೊಂದು ಮಾತು. ಒಂದು ಪ್ಯಾಟ್ರೋಲ್‌ನ, ಅಂದರೆ ದಳದೊಳಗಿನ ಸಣ್ಣ ತಂಡದ, ಏಳೆಂಟು ಮಕ್ಕಳೂ ಒಂದೇ ಬ್ಯಾಡ್ಜ್ ಹಿಡಿಯುವುದು ರೂಢಿ, ಕಲಿಸುವವರಿಗೆ ಸಲೀಸು ಅಂತ. ಇದರಿಂದ ಪ್ಯಾಟ್ರೋಲಿಗೆ ನಷ್ಟ. ಶಿಬಿರಕ್ಕೆ ಹೋದಾಗ ಎಂಟು ಜನ ಅಡುಗೆಯವರಿದ್ದು ಗಾಯಕ್ಕೆ ಪಟ್ಟಿ ಕಟ್ಟಲು ಒಬ್ಬರೂ ಇಲ್ಲದಂತಾಗುತ್ತದೆ. ಇಬ್ಬಿಬ್ಬರಂತೆ ನಾಲ್ಕು ಬ್ಯಾಡ್ಜ್ ಹಂಚಿಕೊಳ್ಳಿ. ಜೋಡಿ ಇದ್ದರೆ ಅಭ್ಯಾಸಕ್ಕೂ ಒಬ್ಬರು ಸಿಗುತ್ತಾರೆ, ತಪ್ಪು ಹಿಡಿಯಲೂ ಒಬ್ಬರು ಇರುತ್ತಾರೆ.

ಪಠ್ಯವನ್ನು ಮೂರು ಭಾಗ ಮಾಡಿ

ಬ್ಯಾಡ್ಜಿನ ಪಠ್ಯದ ಪ್ರತಿ ಸಾಲನ್ನೂ ಮೂರರಲ್ಲಿ ಒಂದು ಪಟ್ಟಿಗೆ ಹಾಕಿ: ಬಾಯಲ್ಲಿ ಹೇಳುವುದು, ಕೈಯಲ್ಲಿ ಮಾಡಿ ತೋರಿಸುವುದು, ದಿನ ಹಿಡಿಯುವುದು. ಮೂರನೆಯದೇ ಮಕ್ಕಳ ಕಣ್ಣು ತಪ್ಪಿಸಿಕೊಳ್ಳುವುದು. ಬೀಜ ಹಾಕಿ ಸೊಪ್ಪು ಕೊಯ್ಯುವುದು, ಇಷ್ಟು ವಾರ ಒಂದು ಪ್ರಾಣಿಯನ್ನು ನೋಡಿಕೊಳ್ಳುವುದು, ಹಕ್ಕಿಗಳನ್ನು ಗಮನಿಸಿ ಬರೆಯುವುದು, ಸೇವೆಯ ಗಂಟೆಗಳು ಇಂಥವನ್ನು ಕೊನೆಯ ವಾರದಲ್ಲಿ ಹುಟ್ಟಿಸಲಾಗದು. ಮೆಂತ್ಯ ಸೊಪ್ಪು ಕೊಯ್ಲಿಗೆ ಬರಲು ಸುಮಾರು ಒಂದು ತಿಂಗಳು ಬೇಕು, ಅದಕ್ಕೆ ಪರೀಕ್ಷೆಯ ದಿನಾಂಕ ಗೊತ್ತಿರುವುದಿಲ್ಲ. ಆದ್ದರಿಂದ ದಿನ ಹಿಡಿಯುವ ಕೆಲಸ ಮೊದಲ ವಾರವೇ ಶುರುವಾಗಲಿ, ಕೈಕೆಲಸ ವಾರಕ್ಕೆ ಮೂರು ಸಲ ಅರ್ಧ ಗಂಟೆಯಂತೆ ನಡೆಯಲಿ, ಬಾಯಿಮಾತಿನದನ್ನು ಕೊನೆಗೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮಕ್ಕಳು ಮಾಡುವುದು ಇದರ ತದ್ವಿರುದ್ಧ.

ಲಾಗ್ ಬುಕ್ಕನ್ನು ಆಯಾ ದಿನವೇ ಬರೆಯಬೇಕು. ತಾರೀಖು, ಏನು ಮಾಡಿದೆ, ಎಷ್ಟು ಹೊತ್ತು, ಏನು ಕೆಟ್ಟಿತು, ಮುಂದಿನ ಸಲ ಏನು ಬದಲಿಸುತ್ತೇನೆ ಎಂಬ ಐದು ವಿಷಯ ಸಾಕು. ಉದಾಹರಣೆಗೆ ‘ಅನ್ನದ ತಳ ಹತ್ತಿತು, ನೀರು ಇಂಗಿದ ಮೇಲೂ ಉರಿ ಜೋರಿತ್ತು’ ಎಂಬ ಒಂದು ಸಾಲಿಗೆ ಪರೀಕ್ಷಕರ ಕಣ್ಣಲ್ಲಿ ಬಣ್ಣದ ಸ್ಕೆಚ್ ಪೆನ್ನಿನ ಇಡೀ ಅಲಂಕಾರಕ್ಕಿಂತ ಹೆಚ್ಚು ಬೆಲೆ. ಒಂದೇ ಪೆನ್ನು, ಒಂದೇ ಕೈಬರಹದ ಓಟ, ಎಲ್ಲ ತಾರೀಖೂ ಶನಿವಾರ ಆಗಿರುವ ಪುಸ್ತಕ ಒಂದೇ ರಾತ್ರಿಯಲ್ಲಿ ಹುಟ್ಟಿದ್ದೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಕುಕ್ ಬ್ಯಾಡ್ಜ್: ಎಂಟು ಜನಕ್ಕೆ ಬಯಲಿನಲ್ಲಿ ಅಡುಗೆ

ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಯ ಗ್ಯಾಸ್ ಒಲೆ ಮೇಲೆ ಚೆನ್ನಾಗಿ ಮಾಡುವ ಮಕ್ಕಳೂ ಸೌದೆ ಒಲೆ ಮುಂದೆ ಸೋಲುತ್ತಾರೆ. ಅನ್ನ, ಬೇಳೆ ಸಾರು, ಒಂದು ಪಲ್ಯ ಇಷ್ಟನ್ನೇ ತೆಗೆದುಕೊಳ್ಳಿ. ಪರೀಕ್ಷೆಗೆ ಬಿಸಿಬೇಳೆಬಾತ್, ಪಾಯಸ ಎಂದು ಹೊರಡಬೇಡಿ. ಸರಳ ಅಡುಗೆ ಹದವಾಗಿದ್ದರೆ ಅದೇ ದೊಡ್ಡದು.

ಅಳತೆಗೆ 200 ಮಿಲಿ ಹಿಡಿಯುವ ಒಂದೇ ಲೋಟ ಇಟ್ಟುಕೊಳ್ಳಿ. ಎಂಟು ಜನಕ್ಕೆ ಸೋನಾ ಮಸೂರಿ ಅಕ್ಕಿ 5 ಲೋಟ, ತೂಕದಲ್ಲಿ 850 ಗ್ರಾಂ ಆಸುಪಾಸು. ನೀರು 12 ಲೋಟ. ಹಳೇ ಅಕ್ಕಿಯಾದರೆ ಇನ್ನೊಂದು ಲೋಟ ನೀರು ಕುಡಿಯುತ್ತದೆ. ಅಕ್ಕಿ ಬೆಂದು ಮೂರು ಪಟ್ಟು ಉಬ್ಬುತ್ತದೆ, ಕುದಿಯುವಾಗ ನೊರೆ ಮೇಲೇಳುತ್ತದೆ. ಆದ್ದರಿಂದ ಪಾತ್ರೆ 5 ಲೀಟರಿಗೆ ಕಡಿಮೆ ಬೇಡ. ಸಾರಿಗೆ ತೊಗರಿಬೇಳೆ 250 ಗ್ರಾಂ, ಟೊಮೆಟೊ 4, ನಿಂಬೆ ಗಾತ್ರದ ಹುಣಸೆಹಣ್ಣು, ಸಾರಿನ ಪುಡಿ 3 ದೊಡ್ಡ ಚಮಚ, ಉಪ್ಪು 4 ಸಣ್ಣ ಚಮಚ, ಒಟ್ಟು ಸಾರು 2 ಲೀಟರ್ ಆಗುವಷ್ಟು ನೀರು. ಪಲ್ಯಕ್ಕೆ ಬೀನ್ಸ್ ಮುಕ್ಕಾಲು ಕಿಲೋ, ಅರ್ಧ ಹೋಳು ತೆಂಗಿನಕಾಯಿ ತುರಿ, ಒಗ್ಗರಣೆ ಸಾಮಾನು.

ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಡೀ ಅಡುಗೆಯ ಸಮಯ ನಿಂತಿರುವುದು ಇದರ ಮೇಲೆ. ಒಲೆ ಹೂಡುವ ಅರ್ಧ ಗಂಟೆ ಮುಂಚೆಯೇ ಬೇಳೆ ನೆನೆಹಾಕಿ. ಬೇಯುವಾಗ ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಮಾತ್ರ ಸೇರಲಿ. ಹುಣಸೆಹುಳಿ, ಟೊಮೆಟೊಗಳನ್ನು ಬೇಳೆ ಕರಗಿದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಗಂಟೆಗಟ್ಟಲೆ ಕುದಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಶಿಬಿರದಲ್ಲಿ ಸಾರು ಕೆಡುವ ಮುಖ್ಯ ಕಾರಣ ಇದೇ.

ಈಗ ಒಲೆ. ಜಾಗ ಮರದ ಕೆಳಗಿರಬಾರದು, ಸುತ್ತ ಮೂರು ಮೀಟರ್ ಒಣ ಹುಲ್ಲು, ತರಗು ಗುಡಿಸಿರಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರು ತುಂಬಿರಬೇಕು. ಗೇಣೆತ್ತರದ ಮೂರು ಕಲ್ಲು, ಒಲೆಯ ಬಾಯಿ ಗಾಳಿ ಬರುವ ಕಡೆಗೆ. ಹೊಳೆಯಿಂದ ಎತ್ತಿದ ನುಣುಪು ಕಲ್ಲು ಬೇಡ, ಒಳಗೆ ಸೇರಿದ ತೇವ ಆವಿಯಾಗಿ ಕಲ್ಲು ಸಿಡಿಯುವುದುಂಟು. ಕಲ್ಲು ಇಟ್ಟ ಮೇಲೆ ನೀರು ತುಂಬಿದ ಪಾತ್ರೆಯನ್ನು ಬೆಂಕಿಯಿಲ್ಲದೆ ಒಮ್ಮೆ ಕೂರಿಸಿ, ಅಲ್ಲಾಡಿಸಿ ನೋಡಿ. ವಾಲಿದರೆ ಆಗಲೇ ಸರಿಮಾಡಬೇಕು, ಕುದಿಯುವ ಅನ್ನ ವಾಲಿದ ಮೇಲೆ ಸರಿಮಾಡಲು ಹೋಗಿ ಸುಟ್ಟುಕೊಳ್ಳಬಾರದು. ಪಾತ್ರೆಯ ಹೊರಮೈಗೆ ಬೂದಿಯನ್ನೋ ಜೇಡಿಮಣ್ಣನ್ನೋ ನೀರಲ್ಲಿ ಕಲಸಿ ಬಳಿದರೆ ಮಸಿ ಅದಕ್ಕೇ ಹಿಡಿಯುತ್ತದೆ, ತೊಳೆಯುವುದು ಹತ್ತು ನಿಮಿಷದ ಕೆಲಸವಾಗುತ್ತದೆ. ನಮ್ಮ ಅಜ್ಜಿಯರ ಈ ಉಪಾಯಕ್ಕೆ ಸಾಟಿ ಇನ್ನೊಂದಿಲ್ಲ.

ಸೌದೆಯನ್ನು ನಾಲ್ಕು ರಾಶಿ ಮಾಡಿ: ಒಣ ತೆಂಗಿನ ಗರಿ ಅಥವಾ ನಾರು ಎರಡು ಹಿಡಿ, ಬೆಂಕಿಕಡ್ಡಿಯಷ್ಟು ಸಪೂರದ ಪುಳ್ಳೆ, ಪೆನ್ಸಿಲ್ ದಪ್ಪದ್ದು, ಹೆಬ್ಬೆರಳು ದಪ್ಪದ್ದು. ನಾಲ್ಕೂ ಪಕ್ಕದಲ್ಲಿದ್ದ ಮೇಲೆಯೇ ಕಡ್ಡಿ ಗೀರಬೇಕು. ಗರಿ ಹತ್ತಿಕೊಂಡ ಮೇಲೆ ಪುಳ್ಳೆ ಹುಡುಕಲು ಓಡಿದರೆ ಮರಳಿ ಬರುವಷ್ಟರಲ್ಲಿ ಬೂದಿ. ಕಡ್ಡಿ ಬಾಗಿಸಿದರೆ ‘ಟಕ್’ ಎಂದು ಮುರಿಯಬೇಕು. ಬಳುಕಿದರೆ ಹಸಿ, ಬರೀ ಹೊಗೆ. ಪುಳ್ಳೆಯನ್ನು ಗೋಪುರದಂತೆ ಒರಗಿಸಿ, ನಡುವೆ ಗಾಳಿ ಆಡಲು ಸಂದು ಬಿಡಿ. ಮಕ್ಕಳು ಆತುರದಲ್ಲಿ ದಪ್ಪ ಸೌದೆಯನ್ನು ಎಳೆಯ ಉರಿಯ ಮೇಲೆ ಹೇರುತ್ತಾರೆ, ಉರಿಗೆ ಉಸಿರು ಕಟ್ಟುತ್ತದೆ. ಊದುವುದಾದರೆ ಬುಡಕ್ಕೆ ಊದಿ, ಜ್ವಾಲೆಗಲ್ಲ. ಸೀಮೆಎಣ್ಣೆ, ಪೆಟ್ರೋಲ್ ಯಾವ ಕಾರಣಕ್ಕೂ ಹತ್ತಿರ ಸುಳಿಯಬಾರದು.

ಬೇಳೆ ಮೊದಲು ಏರಲಿ. ಅದು ಅರ್ಧ ಬೆಂದಾಗ ಎರಡನೇ ಒಲೆಯಲ್ಲಿ ಅನ್ನಕ್ಕೆ ಎಸರು. ಎಸರು ಮಳ್ಳುವಾಗ ತೊಳೆದ ಅಕ್ಕಿ ಹಾಕಿ, ಒಮ್ಮೆ ತಳದಿಂದ ಕೆದಕಿ. ನೀರು ಅಕ್ಕಿಯ ಮಟ್ಟಕ್ಕೆ ಇಳಿದು ಮೇಲೆ ಸಣ್ಣ ಸಣ್ಣ ತೂತು ಕಂಡಾಗ ಉರಿಯುವ ಕೊಳ್ಳಿಗಳನ್ನೆಲ್ಲ ಹೊರಕ್ಕೆಳೆಯಬೇಕು, ಒಲೆಯಲ್ಲಿ ಬರೀ ಕೆಂಡ ಉಳಿಯಬೇಕು. ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ನಾಲ್ಕು ಕೆಂಡ ಇಟ್ಟು ಹತ್ತು ಹನ್ನೆರಡು ನಿಮಿಷ ಮುಟ್ಟದೆ ಬಿಡಿ. ತಳ ಹತ್ತುವುದೂ ಮೇಲೆ ಅಕ್ಕಿ ಅಕ್ಕಿಯಾಗಿ ಉಳಿಯುವುದೂ ಒಂದೇ ತಪ್ಪಿನ ಎರಡು ಮುಖ: ಉರಿ ಕಡಿಮೆ ಮಾಡಬೇಕಾದಾಗ ಮಾಡದಿರುವುದು. ಗಂಜಿ ಬಸಿಯುವ ಪದ್ಧತಿ ಮನೆಯಲ್ಲಿದ್ದರೂ ಇಲ್ಲಿ ಬೇಡ. ಐದು ಲೀಟರಿನ ಕುದಿಯುವ ಪಾತ್ರೆಯನ್ನು ಮಕ್ಕಳ ಕೈ ಬಗ್ಗಿಸಲಾರದು.

ಅಡುಗೆ ಇಳಿದ ಮೇಲೂ ಪರೀಕ್ಷೆ ಮುಗಿದಿಲ್ಲ. ಬೆಂಕಿಗೆ ನೀರು ಹಾಕಿ, ಕೆದಕಿ, ಮತ್ತೆ ಹಾಕಿ. ಬೂದಿಯ ಮೇಲೆ ಅಂಗೈ ಹಿಡಿದರೆ ಬಿಸಿ ತಾಗಬಾರದು. ಕಲ್ಲುಗಳು ಆರಿದ ಮೇಲೆ ಎತ್ತಿಟ್ಟು, ತೆಗೆದ ಮಣ್ಣನ್ನು ಮರಳಿ ಮುಚ್ಚಿ. ಒಲೆ ಎಲ್ಲಿತ್ತು ಎಂದು ಮರುದಿನ ಬಂದವರಿಗೆ ಗೊತ್ತಾಗಬಾರದು. ತಿಂದ ತಟ್ಟೆ, ಸೌಟು, ಹಸಿ ಕಸ, ಒಣ ಕಸ ಎಲ್ಲದಕ್ಕೂ ಪರೀಕ್ಷಕರ ಕಣ್ಣಿರುತ್ತದೆ.

ಪರೀಕ್ಷೆಗೆ ಮುಂಚೆ ಇದೇ ಅಡುಗೆಯನ್ನು, ಇದೇ ಅಳತೆಯಲ್ಲಿ, ಕನಿಷ್ಠ ಮೂರು ಸಲ ಮಾಡಿರಬೇಕು. ಅದರಲ್ಲಿ ಒಂದು ಸಲವಾದರೂ ಗಾಳಿ ಜೋರಿರುವ ದಿನ.

ಪಯೋನಿಯರ್: ಹಗ್ಗ, ಬಿದಿರು, ಸ್ಕ್ವೇರ್ ಲ್ಯಾಷಿಂಗ್

ಗಂಟು ಕಲಿಯುವಾಗ ಹೆಸರಿನ ಜೊತೆ ಕೆಲಸವನ್ನೂ ಹಿಡಿಯಿರಿ. ರೀಫ್ ಗಂಟು ಒಂದೇ ದಪ್ಪದ ಎರಡು ತುದಿ ಕೂಡಿಸಲು, ಪಟ್ಟಿ ಕಟ್ಟಲು. ‘ಬಲ ಎಡದ ಮೇಲೆ, ಎಡ ಬಲದ ಮೇಲೆ.’ ಎರಡು ಸಲವೂ ಒಂದೇ ಕಡೆ ಹಾಕಿದರೆ ಜಾರುವ ಗೊಡ್ಡು ಗಂಟಾಗುತ್ತದೆ. ಗುರುತು ಸುಲಭ: ಸರಿಯಾದ ರೀಫ್‌ನಲ್ಲಿ ತುದಿಗಳು ಹಗ್ಗದ ಗುಂಟವೇ ಮಲಗುತ್ತವೆ, ತಪ್ಪಿದ್ದರೆ ಅಡ್ಡಕ್ಕೆ ಚಾಚುತ್ತವೆ. ದಪ್ಪ ಹಗ್ಗಕ್ಕೆ ಸಪೂರದ್ದು ಸೇರಿಸಲು ಶೀಟ್ ಬೆಂಡ್. ಬಿಗಿಯಾಗದ, ಜಾರದ ಕುಣಿಕೆಗೆ ಬೋಲೈನ್. ಕಂಬಕ್ಕೆ ಶುರು ಮಾಡಲು ಕ್ಲೋವ್ ಹಿಚ್, ದಿಮ್ಮಿ ಎಳೆಯಲು ಟಿಂಬರ್ ಹಿಚ್. ಕಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡು, ಆಮೇಲೆ ಬೆನ್ನ ಹಿಂದೆ ಕೈಯಿಟ್ಟುಕೊಂಡು ಹಾಕಲು ಬಂದರೆ ಆ ಗಂಟು ನಿಮ್ಮದಾಯಿತು.

ಲ್ಯಾಷಿಂಗ್ ಅಂದರೆ ಗಳಗಳನ್ನು ಹಗ್ಗದಿಂದ ಸುತ್ತಿ ಬಿಗಿಯಾಗಿ ಕಟ್ಟುವುದು. ಅದಕ್ಕೆ ಕತ್ತಾಳೆ ಅಥವಾ ಸಣಬಿನ 6 ಮಿ.ಮೀ. ಹಗ್ಗ ಒಳ್ಳೆಯದು. ನೈಲಾನ್ ಹಗ್ಗ ನೋಡಲು ಗಟ್ಟಿ, ಆದರೆ ಹಿಗ್ಗುತ್ತದೆ, ಬಿದಿರಿನ ನುಣುಪು ಮೈ ಮೇಲೆ ಜಾರುತ್ತದೆ. ಉದ್ದಕ್ಕೆ ಹಳೆಯ ಲೆಕ್ಕವೊಂದಿದೆ: ಎರಡು ಗಳಗಳ ಅಡ್ಡಳತೆ ಕೂಡಿಸಿ, ಪ್ರತಿ ಎರಡೂವರೆ ಸೆಂ.ಮೀ.ಗೆ 90 ಸೆಂ.ಮೀ. ಹಗ್ಗ. ಐದೈದು ಸೆಂ.ಮೀ. ದಪ್ಪದ ಎರಡು ಬಿದಿರಿಗೆ 3.6 ಮೀಟರ್, ಅಂದರೆ 4 ಮೀಟರ್ ಕತ್ತರಿಸಿ. ಹಗ್ಗ ಗಿಡ್ಡವಾಗಿ ಕೊನೆಯ ಗಂಟಿಗೆ ಸಾಲದೆ ಬಂದರೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾದೀತು. ಕತ್ತರಿಸಿದ ತುದಿಗೆ ದಾರ ಸುತ್ತಿ ಬಿಗಿಮಾಡಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ.

ಸ್ಕ್ವೇರ್ ಲ್ಯಾಷಿಂಗ್ ಕಟ್ಟುವ ಕ್ರಮ ಹೀಗೆ. ನೆಟ್ಟ ಗಳದ ಮುಂದೆ ಅಡ್ಡ ಗಳ ಬರುತ್ತದೆ ಎಂದುಕೊಳ್ಳಿ.

1. ಅಡ್ಡ ಗಳ ಕೂರುವ ಜಾಗದ ಕೆಳಗೇ ನೆಟ್ಟ ಗಳಕ್ಕೆ ಕ್ಲೋವ್ ಹಿಚ್ ಹಾಕಿ. ಉಳಿದ ಗಿಡ್ಡ ತುದಿಯನ್ನು ಉದ್ದ ಹಗ್ಗಕ್ಕೆ ಹೊಸೆದುಬಿಡಿ.
2. ಅಡ್ಡ ಗಳವನ್ನು ಆ ಗಂಟಿನ ಮೇಲೆ ಕೂರಿಸಿ. ಹಗ್ಗವನ್ನು ಅಡ್ಡ ಗಳದ ಮುಂದಿನಿಂದ ಮೇಲಕ್ಕೆ, ನೆಟ್ಟ ಗಳದ ಹಿಂದಿನಿಂದ ಸುತ್ತಿ, ಇನ್ನೊಂದು ಬದಿಯಲ್ಲಿ ಅಡ್ಡ ಗಳದ ಮುಂದಿನಿಂದ ಕೆಳಕ್ಕೆ, ಮತ್ತೆ ನೆಟ್ಟ ಗಳದ ಹಿಂದಕ್ಕೆ ತನ್ನಿ. ಒಂದು ಸುತ್ತಾಯಿತು.
3. ಹೀಗೆ ಮೂರರಿಂದ ನಾಲ್ಕು ಸುತ್ತು. ಅಡ್ಡ ಗಳದ ಮೇಲೆ ಹೊಸ ಸುತ್ತು ಹಳೆಯದರ ಹೊರಗೆ, ನೆಟ್ಟ ಗಳದ ಮೇಲೆ ಹಳೆಯದರ ಒಳಗೆ ಬರಬೇಕು. ಒಂದರ ಮೇಲೊಂದು ಏರಬಾರದು. ಪ್ರತಿ ಸುತ್ತನ್ನೂ ಮೈಭಾರ ಹಾಕಿ ಎಳೆಯಿರಿ.
4. ಎರಡು ಗಳಗಳ ಸಂದಿನಲ್ಲಿ, ಸುತ್ತುಗಳಿಗೆ ಅಡ್ಡಲಾಗಿ ಎರಡು ಮೂರು ಫ್ರ್ಯಾಪಿಂಗ್ ಸುತ್ತು. ಲ್ಯಾಷಿಂಗ್ ಬಿಗಿಯಾಗುವುದು ಇಲ್ಲೇ.
5. ಅಡ್ಡ ಗಳಕ್ಕೆ ಕ್ಲೋವ್ ಹಿಚ್ ಹಾಕಿ ಮುಗಿಸಿ.

ಪರೀಕ್ಷಕರು ಮೊದಲು ಗಳ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡಿದರೆ ತಪ್ಪು ನೂರಕ್ಕೆ ತೊಂಬತ್ತು ಪಾಲು ಫ್ರ್ಯಾಪಿಂಗ್‌ನಲ್ಲಿರುತ್ತದೆ. ಹುಡುಗರು ಮೂರನೇ ಹಂತಕ್ಕೇ ಶಕ್ತಿ ಮುಗಿಸಿ ಅದನ್ನು ಸಡಿಲ ಬಿಟ್ಟಿರುತ್ತಾರೆ. ಬೆಳಿಗ್ಗೆ ಬಿಗಿಯಾಗಿದ್ದದ್ದು ಸಂಜೆಗೆ ಸಡಿಲವಾಗಿದ್ದರೆ ಬಿದಿರು ಹಸಿಯಿತ್ತೆಂದು ಅರ್ಥ, ಒಣಗಿ ಸಪೂರವಾಗಿದೆ. ಮೊದಲು ಚಪ್ಪಲಿ ಸ್ಟ್ಯಾಂಡ್, ತಟ್ಟೆ ಸ್ಟ್ಯಾಂಡಿನಂಥ ಸಣ್ಣ ವಸ್ತು ಕಟ್ಟಿ, ಆಮೇಲೆ ಮಹಾದ್ವಾರ. ಜನ ಹತ್ತುವ ಸೇತುವೆ, ಗೋಪುರಗಳನ್ನು ದೊಡ್ಡವರು ಪ್ರತಿ ಗಂಟನ್ನೂ ಪರೀಕ್ಷಿಸದೆ ಬಳಸಕೂಡದು.

ಎತ್ತರ ಅಂದಾಜು ಮಾಡುವುದೂ ಸ್ಕೌಟ್ ಪಠ್ಯದಲ್ಲಿ ಬರುತ್ತದೆ. ಬಿಸಿಲಿದ್ದರೆ ನೆರಳಿನ ಲೆಕ್ಕ ಸಾಕು: ಒಂದೂವರೆ ಮೀಟರಿನ ಕೋಲಿನ ನೆರಳು 1 ಮೀಟರ್, ಅದೇ ಹೊತ್ತಿಗೆ ತೆಂಗಿನಮರದ ನೆರಳು 8 ಮೀಟರ್ ಇದ್ದರೆ ಮರ 12 ಮೀಟರ್. ನೆಲ ಇಳಿಜಾರಾಗಿದ್ದರೆ ಲೆಕ್ಕ ತಪ್ಪುತ್ತದೆ, ಸಮತಟ್ಟು ಜಾಗ ನೋಡಿ.

ಆಂಬುಲೆನ್ಸ್ ಬ್ಯಾಡ್ಜ್: ತಪ್ಪಿದರೆ ಜೀವಕ್ಕೆ ಸಂಬಂಧ

ಇಲ್ಲಿ ಅರ್ಧಂಬರ್ಧ ಕಲಿಕೆಗೆ ಜಾಗವಿಲ್ಲ, ಪರೀಕ್ಷಕರೂ ಕಟ್ಟುನಿಟ್ಟಾಗಿರಬೇಕು. ಒಂದು ಮೀಟರ್ ಚೌಕದ ಬಿಳಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಪಟ್ಟಿ ಸಿಗುತ್ತವೆ. ಇಬ್ಬರ ಅಭ್ಯಾಸಕ್ಕೆ ಅಂಥ ನಾಲ್ಕು ಸಾಕು. ಕೈಗೆ ಜೋಳಿಗೆ ಕಟ್ಟುವಾಗ ಬೆರಳ ತುದಿ ಮೊಣಕೈಗಿಂತ ತುಸು ಮೇಲಿರಬೇಕು, ರೀಫ್ ಗಂಟು ಕುತ್ತಿಗೆಯ ಮೂಳೆ ಮೇಲೆ ಒತ್ತದೆ ಕತ್ತಿನ ಪಕ್ಕದ ಗುಳಿಯಲ್ಲಿ ಕೂರಬೇಕು. ಕಟ್ಟಿದ ಮೇಲೆ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಪಟ್ಟಿ ಬಿಗಿಯಾಗಿದೆ, ಸಡಿಲಿಸಿ.

ಅಣಕು ಗಾಯಾಳುವನ್ನು ಮಲಗಿಸಿದಾಗ ಮಕ್ಕಳು ನೇರ ಗಾಯಕ್ಕೆ ಕೈ ಹಾಕುತ್ತಾರೆ, ಅಂಕ ಹೋಗುವುದು ಅಲ್ಲೇ. ಮೊದಲು ಜಾಗ ಸುರಕ್ಷಿತವೇ ನೋಡಬೇಕು: ವಾಹನ, ಕರೆಂಟಿನ ತಂತಿ, ಬೆಂಕಿ. ಆಮೇಲೆ ಮಾತಾಡಿಸಿ, ಒಬ್ಬರಿಗೆ ಬೆರಳು ತೋರಿಸಿ ‘ನೀವು 108ಕ್ಕೆ ಫೋನ್ ಮಾಡಿ’ ಎಂದು ಹೇಳಬೇಕು. ‘ಯಾರಾದರೂ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಆಮೇಲೆ ಉಸಿರು, ರಕ್ತಸ್ರಾವ, ಮೂಳೆ ಮುರಿತ, ಈ ಕ್ರಮದಲ್ಲಿ.

ಸುಟ್ಟ ಗಾಯವನ್ನು 20 ನಿಮಿಷ ನಲ್ಲಿಯ ಹರಿಯುವ ನೀರಿಗೆ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಅರಿಸಿನ ಯಾವುದೂ ಬೇಡ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಮೂಗಿನ ಮೃದು ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ಇದನ್ನು ಗೆಳೆಯನ ಎದೆಯ ಮೇಲೆ ಅಭ್ಯಾಸ ಮಾಡಲೇಬಾರದು, ಗಟ್ಟಿ ದಿಂಬು ಅಥವಾ ತರಬೇತಿಯ ಬೊಂಬೆ ಬಳಸಿ.

ಹಾವು ಕಡಿತದ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ, ಬರಬೇಕು ಕೂಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ಮುಖ್ಯ ವಿಷದ ಹಾವುಗಳ ಹೆಸರು ತಿಳಿದಿರಲಿ. ಆದರೆ ಹಾವನ್ನು ಹುಡುಕಲು, ಹಿಡಿಯಲು, ಕೊಲ್ಲಲು ಹೋಗಬಾರದು. ಕಡಿಸಿಕೊಂಡವರನ್ನು ನಡೆಸಬೇಡಿ, ಕಡಿದ ಕೈಕಾಲನ್ನು ಕೋಲು ಕಟ್ಟಿ ಅಲ್ಲಾಡದಂತೆ ಮಾಡಿ, ಉಂಗುರ, ಬಳೆ, ಗೆಜ್ಜೆ ತೆಗೆದು, ನೇರವಾಗಿ ಆಸ್ಪತ್ರೆಗೆ. ಹಗ್ಗದಿಂದ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಮಂತ್ರ ಹಾಕಿಸಲು ಕರೆದೊಯ್ಯುವುದು ಎಲ್ಲವೂ ತಪ್ಪು. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಮಾತ್ರ.

ಸೈಕ್ಲಿಸ್ಟ್ ಬ್ಯಾಡ್ಜಿಗೆ ಒಂದು ಸೂಚನೆ

ಸಂಚಾರ ನಿಯಮ, ಬ್ರೇಕು, ಚೈನಿಗೆ ಎಣ್ಣೆ ಎಲ್ಲ ಸುಲಭ. ಪಂಕ್ಚರ್ ಹಾಕುವಾಗ ಮಾತ್ರ ಎರಡು ಕಡೆ ಎಡವುತ್ತಾರೆ. ನೀರಿನಲ್ಲಿ ಗುಳ್ಳೆ ನೋಡಿ ತೂತು ಹಿಡಿದು, ಉಜ್ಜುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸುತ್ತಾರೆ. ಸೊಲ್ಯೂಷನ್‌ನ ಹಸಿ ಹೊಳಪು ಹೋಗುವ ತನಕ ಮೂರ್ನಾಲ್ಕು ನಿಮಿಷ ಕಾಯಬೇಕು, ಇಲ್ಲದಿದ್ದರೆ ಗಾಳಿ ತುಂಬಿದಾಗ ಪ್ಯಾಚ್ ಜಾರುತ್ತದೆ. ಎರಡನೆಯದು, ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡದಿರುವುದು. ಜಾಲಿ ಮುಳ್ಳು ಅಲ್ಲೇ ಇದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಹೊಸ ತೂತು.

ಪರೀಕ್ಷೆಯ ದಿನ

ಬ್ಯಾಡ್ಜ್ ಪರೀಕ್ಷೆಯನ್ನು ಕಲಿಸಿದ ಸ್ಕೌಟ್ ಮಾಸ್ಟರ್ ಅಲ್ಲ, ಆ ವಿಷಯ ಬಲ್ಲ ಬೇರೊಬ್ಬ ಪರೀಕ್ಷಕರು ಮಾಡಬೇಕು. ಆದ್ದರಿಂದ ವಾರ ಮೊದಲು ಪಕ್ಕದ ಶಾಲೆಯ ಸ್ಕೌಟ್ ಮಾಸ್ಟರನ್ನೋ, ಆರೋಗ್ಯ ಕೇಂದ್ರದ ನರ್ಸನ್ನೋ ಕರೆದು ಒಂದು ಅಣಕು ಪರೀಕ್ಷೆ ಮಾಡಿಸಿ. ಪರಿಚಯದ ‘ಸರ್’ ಮುಂದೆ ಸಲೀಸಾಗಿ ಬರುವ ಗಂಟು ಹೊಸ ಮುಖದ ಮುಂದೆ ಮರೆತುಹೋಗುವುದು ಸಹಜ, ಆ ಅಂಜಿಕೆಯೂ ಅಭ್ಯಾಸದಿಂದಲೇ ಹೋಗುತ್ತದೆ.

ಸ್ವಂತ ಹಗ್ಗ, ಸ್ವಂತ ಪಟ್ಟಿ, ಲಾಗ್ ಬುಕ್, ಪೆನ್ನು, ನೀರಿನ ಬಾಟಲಿ ಜೊತೆಗಿರಲಿ. ಬೇರೆಯವರ ಹೊಸ ಹಗ್ಗದಲ್ಲಿ ಕೈ ಎಡವುತ್ತದೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸರ್, ಕಲಿಯುತ್ತೇನೆ’ ಎನ್ನಿ. ಊಹೆ ಹೇಳಿದರೆ ಮುಂದಿನ ಮೂರು ಪ್ರಶ್ನೆ ಆ ಊಹೆಯ ಮೇಲೆಯೇ ಬರುತ್ತವೆ. ಕಟ್ಟಿದ್ದು ತಪ್ಪಾಯಿತೆಂದು ತಿಳಿದರೆ ಮುಚ್ಚಿಡದೆ ಬಿಚ್ಚಿ ಮತ್ತೆ ಕಟ್ಟಲು ಅನುಮತಿ ಕೇಳಿ. ಒಂದು ಭಾಗದಲ್ಲಿ ತೇರ್ಗಡೆಯಾಗದಿದ್ದರೆ ಏನು ತಪ್ಪಿತೆಂದು ಪರೀಕ್ಷಕರನ್ನೇ ಕೇಳಿ ಲಾಗ್ ಬುಕ್ಕಿನಲ್ಲಿ ಬರೆದುಕೊಂಡು, ಮತ್ತೆ ಪರೀಕ್ಷೆಗೆ ಬನ್ನಿ. ಪೋಷಕರು ಆ ಹೊತ್ತಿಗೆ ‘ಪಾಪ, ಹುಡುಗ ಕಷ್ಟಪಟ್ಟಿದ್ದಾನೆ, ಪಾಸ್ ಮಾಡಿಬಿಡಿ’ ಎಂದು ಒತ್ತಾಯಿಸಬಾರದು. ಪಟ್ಟಿ ಕಟ್ಟಲು ಬಾರದವನ ತೋಳಿನಲ್ಲಿ ಆಂಬುಲೆನ್ಸ್ ಬ್ಯಾಡ್ಜ್ ಇದ್ದರೆ, ಗಾಯವಾದವರು ಅದನ್ನು ನಂಬಿಬಿಡುತ್ತಾರೆ.

ಕಾಗದಪತ್ರ

ಕಷ್ಟಪಟ್ಟು ಗಳಿಸಿದ ಬ್ಯಾಡ್ಜ್ ರಾಜ್ಯ ಪುರಸ್ಕಾರದ ಅರ್ಜಿಯಲ್ಲಿ ಲೆಕ್ಕಕ್ಕೆ ಬಾರದೆ ಹೋಗುವುದು ಹೆಚ್ಚಾಗಿ ತಾರೀಖಿನ ಗೊಂದಲದಿಂದ. ತೃತೀಯ ಸೋಪಾನಕ್ಕೆ ಬೇಕಾದ ಬ್ಯಾಡ್ಜಿನ ಪ್ರಮಾಣಪತ್ರದಲ್ಲಿ ಸೋಪಾನದ ಪರೀಕ್ಷೆ ಮುಗಿದ ಮೇಲಿನ ತಾರೀಖು ಬಿದ್ದಿದ್ದರೆ ಪ್ರಶ್ನೆ ಏಳುತ್ತದೆ. ಪರೀಕ್ಷೆ ಮುಗಿದ ದಿನವೇ ಪ್ರಮಾಣಪತ್ರದಲ್ಲಿ ಪರೀಕ್ಷಕರ ಸಹಿ, ತಾರೀಖು, ಮೊಹರು ಬಿದ್ದಿದೆಯೇ ನೋಡಿಕೊಳ್ಳಿ. ಹೆಸರು, ಇನಿಷಿಯಲ್, ಜನ್ಮದಿನಾಂಕ ಶಾಲೆಯ ದಾಖಲಾತಿ ಪುಸ್ತಕದಲ್ಲಿರುವಂತೆಯೇ ಇರಲಿ. ‘ಕೆ. ಮಂಜುನಾಥ’ ಒಂದು ಕಡೆ, ‘ಮಂಜುನಾಥ್ ಕೆ.’ ಇನ್ನೊಂದು ಕಡೆ ಆಗಬಾರದು. ದಳದ ವಾರ್ಷಿಕ ನೋಂದಣಿ ಆ ವರ್ಷ ನವೀಕರಣವಾಗಿದೆಯೇ ಎಂದು ಶಾಲೆಯಲ್ಲಿ ಕೇಳುವುದು ಪೋಷಕರ ಹಕ್ಕು, ನೋಂದಣಿ ತಪ್ಪಿದ ವರ್ಷದ ಶ್ರಮಕ್ಕೆ ದಾಖಲೆ ಸಿಗುವುದು ಕಷ್ಟ.

ರಾಜ್ಯ ಪುರಸ್ಕಾರದ ಪ್ರಮಾಣಪತ್ರಕ್ಕೆ ರಾಜ್ಯಪಾಲರ ಸಹಿ ಇರುತ್ತದೆ, ಮೇಲಿನದಕ್ಕೆ ರಾಷ್ಟ್ರಪತಿಗಳದು. ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವೂ ಇದೆ. ಯಾವ ಪ್ರಮಾಣಪತ್ರ, ಯಾವ ನಮೂನೆಯಲ್ಲಿ ಬೇಕು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಿಕೊಳ್ಳಬೇಕು. ಐದಾರು ವರ್ಷದ ನಂತರ ಬೇಕಾಗುವ ಕಾಗದ ಇದು. ಪ್ರತಿಯೊಂದರ ಎರಡು ಜೆರಾಕ್ಸ್, ಒಂದು ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಲ್ಯಾಮಿನೇಷನ್ ಮಾಡಿಸದೆ ಹಾಗೇ ಕವರಿನಲ್ಲಿ ಇಡಿ. ಲ್ಯಾಮಿನೇಟ್ ಆದ ಹಾಳೆಯ ಮೇಲೆ ಆಮೇಲೆ ಯಾವ ಮೊಹರೂ ಹಾಕಲಾಗುವುದಿಲ್ಲ.